ಸ್ತ್ರೀ ನಾಯಕತ್ವ: ಒಬ್ಬ ವಿದ್ಯಾರ್ಥಿನಿಯ ಜಿಜ್ಞಾಸೆ

ಧಾರವಾಡ ಸೀಮೆಯ ಒಂದು ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡಿ ರಾಜ್ಯಶಾಸ್ತ್ರದಲ್ಲಿ ಪದವಿಯ ಕೊನೆಯ ವರ್ಷವನ್ನು ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು, ತರಗತಿಗೆ ಒಪ್ಪಿಸಬೇಕಾಗಿದ್ದ ಪ್ರಬಂಧಕ್ಕೆ ‘ಸ್ತ್ರೀಯರ ನಾಯಕತ್ವ’ ಎಂಬ ವಿಷಯವನ್ನು ಆರಿಸಿಕೊಂಡಳು. ಅಧ್ಯಾಪಕರು ಸಂತೋಷದಿಂದಲೇ ಒಪ್ಪಿದರು. ಗ್ರಂಥಾಲಯದಲ್ಲಿ ಪುಸ್ತಕಗಳಿವೆ, ರಾಣಿಯರ ಹೆಸರುಗಳಿವೆ, ಸಂವಿಧಾನದ ತಿದ್ದುಪಡಿಗಳಿವೆ. ಇಪ್ಪತ್ತು ಪುಟ ತುಂಬುವುದು ಕಷ್ಟವೇನಲ್ಲ. ಆದರೆ ಆಕೆಯ ಮನಸ್ಸಿನಲ್ಲಿದ್ದುದು ಪ್ರಬಂಧಕ್ಕಿಂತ ದೊಡ್ಡ ಪ್ರಶ್ನೆ. ಓದು ಮುಗಿದ ಮೇಲೆ ರಾಜಕಾರಣವನ್ನೇ ತನ್ನ ಬಾಳಿನ ಕೆಲಸವನ್ನಾಗಿ ಹಿಡಿಯಬಹುದೆ, ಹಿಡಿದರೆ ಅದು ಎಲ್ಲಿಂದ ಆರಂಭವಾಗಬೇಕು ಎಂಬುದೇ ಆ ಪ್ರಶ್ನೆ.

ಮನೆಯಲ್ಲಿ ಈ ಮಾತು ಎದ್ದಾಗ ಸೋದರಮಾವ, ಕೆ.ಎ.ಎಸ್. ಪರೀಕ್ಷೆಗೆ ಕಟ್ಟಿದರೆ ಅದಕ್ಕಿಂತ ಹೆಚ್ಚಿನ ಸೇವೆ ಮಾಡಬಹುದು, ಮರ್ಯಾದೆಯೂ ಉಳಿಯುತ್ತದೆ ಎಂದರು. ತಂದೆ ಏನೂ ಹೇಳಲಿಲ್ಲ. ಒಂದು ಅವಧಿಗೆ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿದ್ದ ತಾಯಿ ಮಾತ್ರ ರೊಟ್ಟಿ ಬಡಿಯುತ್ತಲೇ ಒಂದು ಮಾತು ಆಡಿದಳು: “ಸಹಿ ನಂದಿತ್ತು, ಮಾತು ನಿಮ್ಮಪ್ಪಂದಿತ್ತು. ನೀ ಮದಲ ಮಾತಾಡೂದ ಕಲಿ ತಂಗಿ, ಸಹಿ ಆಮ್ಯಾಲ ಮಾಡೀಯಂತ.” ಆ ಒಂದು ಮಾತಿನಿಂದ ಪ್ರಬಂಧದ ದಿಕ್ಕೇ ಬದಲಾಯಿತೆಂದರೆ ಉತ್ಪ್ರೇಕ್ಷೆಯಾಗದು.

ನಮ್ಮಲ್ಲಿ ಸ್ತ್ರೀ ನಾಯಕತ್ವದ ಮಾತು ಬಂದೊಡನೆ ಕೆಳದಿಯ ಚೆನ್ನಮ್ಮಾಜಿಯನ್ನೂ ಕಿತ್ತೂರಿನ ಚೆನ್ನಮ್ಮನನ್ನೂ ನೆನೆಯುವುದು ವಾಡಿಕೆ. ನೆನೆಯತಕ್ಕದ್ದೇ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕೆಳದಿಯ ಸಂಸ್ಥಾನವನ್ನು ಆಳಿ, ಮೊಗಲರ ಸೈನ್ಯಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯ ಧೈರ್ಯ ಸಾಮಾನ್ಯವಾದುದಲ್ಲ. 1824ರ ಅಕ್ಟೋಬರ್‌ನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಕಿತ್ತೂರಿನ ಕೋಟೆಯ ಮುಂದೆ ಮುರಿದು, ಮುಂದೆ ಸೆರೆಯಾಗಿ 1829ರಲ್ಲಿ ಬೈಲಹೊಂಗಲದಲ್ಲಿ ಕಣ್ಣು ಮುಚ್ಚಿದ ಚೆನ್ನಮ್ಮನ ಕಥೆಯನ್ನು ಆ ಭಾಗದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ವಿದ್ಯಾರ್ಥಿನಿಯು ಈ ಇಬ್ಬರ ಚರಿತ್ರೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಸ್ತುತಿಯ ಭರದಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಒಂದು ಸಂಗತಿ ಆಕೆಗೆ ಹೊಳೆಯಿತು. ಇಬ್ಬರೂ ಅಧಿಕಾರಕ್ಕೆ ಬಂದದ್ದು ಪತಿಯ ಮರಣಾನಂತರ; ಇಬ್ಬರ ಮುಂದೆಯೂ ಇದ್ದುದು ದತ್ತುಪುತ್ರನ ಪ್ರಶ್ನೆ. ಮನೆಯಲ್ಲಿ ಆಳತಕ್ಕ ಗಂಡಸು ಇಲ್ಲದಾದಾಗ ತೆರೆದ ಬಾಗಿಲು ಅದು. ಅವರ ಸಾಮರ್ಥ್ಯ ಅವರದೇ. ಆದರೆ ಆ ಬಾಗಿಲು ಅರಮನೆಯೊಳಗಿನದು, ಊರಿನ ಹೆಣ್ಣುಮಗಳಿಗೆ ಅದರಲ್ಲಿ ದಾರಿಯಿರಲಿಲ್ಲ.

ಈ ಮಾತು ರಾಣಿಯರ ಕಾಲಕ್ಕೇ ಮುಗಿದುಹೋಗಲಿಲ್ಲ. 1960ರಲ್ಲಿ ಸಿಂಹಳದ ಸಿರಿಮಾವೋ ಬಂಡಾರನಾಯಕೆ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದದ್ದು ಪ್ರಧಾನಿಯಾಗಿದ್ದ ಪತಿಯ ಹತ್ಯೆಯ ತರುವಾಯ. ನಮ್ಮ ನಾಡಿನ ಚುನಾವಣೆಗಳಲ್ಲಿಯೂ ಗಂಡನೋ ತಂದೆಯೋ ಮಾವನೋ ಬಿಟ್ಟುಹೋದ ಕ್ಷೇತ್ರಕ್ಕೆ ಮನೆಯ ಹೆಣ್ಣುಮಗಳನ್ನು ನಿಲ್ಲಿಸುವುದು ಎಲ್ಲ ಪಕ್ಷಗಳಿಗೂ ಒಗ್ಗಿದ ರೂಢಿ. ಹಾಗೆ ಬಂದವರೆಲ್ಲ ಅಸಮರ್ಥರೆಂದು ಹೇಳುವುದು ಅನ್ಯಾಯ. ಆದರೆ ಬಸ್ಸಿನಲ್ಲಿ ಓಡಾಡುವ, ಎರಡೆಕರೆ ಹೊಲದ ಮನೆಯ ಹುಡುಗಿಗೆ ಅದರಿಂದ ಕಲಿಯತಕ್ಕ ಪಾಠ ಹೆಚ್ಚಿಲ್ಲ.

ಪದವಿಯ ಕನ್ನಡ ಪಠ್ಯದಲ್ಲಿ ಆಕೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಓದಿದ್ದಳು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚಾಗಿ ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದುದನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಡೆದು ಹೇಳುತ್ತಾಳೆ; ಪತಿ ಹಿಂದಿರುಗಿ ಹೋಗುತ್ತಾನೆ. ಮೂವತ್ತಕ್ಕೂ ಮಿಕ್ಕ ವಚನಕಾರ್ತಿಯರಿದ್ದ ಆ ಕಾಲದಲ್ಲಿ ಇದೊಂದು ಸಣ್ಣ ಪ್ರಸಂಗವೆಂದು ಕೆಲವರು ಎಣಿಸಬಹುದು. ಅಕ್ಕಮಹಾದೇವಿಯು ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸಿದ ಪ್ರಕರಣಕ್ಕೆ ಸಿಕ್ಕಿರುವ ಪ್ರಸಿದ್ಧಿ ಇದಕ್ಕೆ ಇಲ್ಲ. ಆದರೂ ನಾಯಕತ್ವದ ಜಿಜ್ಞಾಸುಗಳಿಗೆ ಲಕ್ಕಮ್ಮನೇ ಹೆಚ್ಚು ಹತ್ತಿರದವಳೆಂದು ತೋರುತ್ತದೆ. ಲೆಕ್ಕವನ್ನು ನೋಡುವ ಕಣ್ಣು, ಹೆಚ್ಚಿನದು ಎಲ್ಲಿಂದ ಬಂತೆಂದು ಕೇಳುವ ಬಾಯಿ, ಕೇಳಬೇಕಾದವನು ಸ್ವಂತ ಗಂಡನೇ ಆದರೂ ಹಿಂಜರಿಯದ ನಿಷ್ಠುರತೆ, ಇವು ಮೂರೂ ಒಂದೆಡೆ ಕೂಡಿರುವುದು ಅಲ್ಲಿ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಲಕ್ಕಮ್ಮನಿಗೆ ಯಾವ ಪದವಿಯೂ ಇರಲಿಲ್ಲ, ಮನೆಯ ಹೊಸ್ತಿಲಲ್ಲಿ ನಿಂತೇ ಆಕೆ ತಿದ್ದಿದಳು, ಆದುದರಿಂದ ಹೆಣ್ಣಿಗೆ ಪದವಿಯ ಹಂಬಲವೇಕೆ ಎಂದು ವಾದಿಸುವವರುಂಟು. ಇದು ಪ್ರಸಂಗದ ಅಪವ್ಯಾಖ್ಯಾನ. ಆಕೆ ಪ್ರಶ್ನಿಸಿದ್ದು ಅಡುಗೆಮನೆಯ ವಿಷಯವನ್ನಲ್ಲ, ಎಲ್ಲರಿಗೂ ಸೇರಿದ ಅಂಗಳದಿಂದ ಒಬ್ಬನು ಎಷ್ಟು ತರಬಹುದೆಂಬುದನ್ನು. ಎರಡನೆಯದು, ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಸಭೆಗಳಲ್ಲಿ ಕರೆಯುವ ಉತ್ಸಾಹ. ಅಲ್ಲಿ ಜಾತಿ, ಲಿಂಗಗಳ ಹಂಗಿಲ್ಲದೆ ಮಾತನಾಡುವ ಅವಕಾಶವಿತ್ತೆಂಬುದನ್ನು ಪರಂಪರೆ ಹೇಳುತ್ತದೆ. ಆದರೆ ಮತಕ್ಷೇತ್ರವಾಗಲಿ, ಅವಧಿಯಾಗಲಿ, ತೆರಿಗೆಯ ಲೆಕ್ಕವಾಗಲಿ ಅಲ್ಲಿರಲಿಲ್ಲ. ಇಂದಿನ ಸಂಸ್ಥೆಗಳ ಹೆಸರನ್ನು ಅದಕ್ಕೆ ಅಂಟಿಸುವುದರಿಂದ ಅದರ ಘನತೆ ಹೆಚ್ಚುವುದೂ ಇಲ್ಲ, ಇಂದಿನ ಸಂಸ್ಥೆಗಳ ಕಷ್ಟ ಕಡಿಮೆಯಾಗುವುದೂ ಇಲ್ಲ. ವಿದ್ಯಾರ್ಥಿನಿಯು ತನ್ನ ಪ್ರಬಂಧದಲ್ಲಿ ಈ ಹೋಲಿಕೆಯನ್ನು ಬರೆದು, ಮತ್ತೆ ತಾನೇ ಹೊಡೆದುಹಾಕಿದಳು.

ಅರಮನೆಯ ಬಾಗಿಲನ್ನು ಬಿಟ್ಟು ಮತಪೆಟ್ಟಿಗೆಯ ಬಾಗಿಲಿಗೆ ಬಂದವರಲ್ಲಿ ಕನ್ನಡ ನಾಡಿನ ಮೊದಲ ಹೆಸರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರದು. 1917ರಲ್ಲಿ ಸರೋಜಿನಿ ನಾಯಿಡು ಅವರ ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗವೊಂದು ಭಾರತ ಸಚಿವ ಮಾಂಟೆಗು ಅವರನ್ನು ಕಂಡು ಮತದಾನದ ಹಕ್ಕನ್ನು ಕೇಳಿತ್ತು. ಮದರಾಸು ಪ್ರಾಂತವು 1921ರಲ್ಲಿ ಆಸ್ತಿಯುಳ್ಳ ಸ್ತ್ರೀಯರಿಗೆ ಮತವನ್ನು ಕೊಟ್ಟಿತು. ಸ್ಪರ್ಧಿಸುವ ಹಕ್ಕು ಬಂದದ್ದು 1926ರಲ್ಲಿ. ಅದೇ ವರ್ಷ, ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯದಿಂದ, ಇಪ್ಪತ್ತಮೂರರ ಹರೆಯದ ಕಮಲಾದೇವಿಯವರು ಮದರಾಸು ಶಾಸನ ಪರಿಷತ್ತಿಗೆ ಅಭ್ಯರ್ಥಿಯಾಗಿ ನಿಂತರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನಗಳು. ಸೋತದ್ದು ಕೆಲವೇ ಮತಗಳಿಂದ. ಮುಂದೆ ಅವರು ಉಪ್ಪಿನ ಸತ್ಯಾಗ್ರಹ, ಕರಕುಶಲ ಕಲೆಗಳ ಪುನರುದ್ಧಾರ, ಸಹಕಾರಿ ಚಳವಳಿ ಇವುಗಳಲ್ಲಿ ಮಾಡಿದ ಕೆಲಸವನ್ನು ನೋಡಿದರೆ, ಆ ಸೋಲಿನಿಂದ ಅವರ ಸಾರ್ವಜನಿಕ ಜೀವನಕ್ಕೆ ಕುಂದೇನೂ ಬಂದಂತಿಲ್ಲ.

ಸ್ವತಂತ್ರ ಭಾರತದಲ್ಲಿ ಗುಂಡ್ಲುಪೇಟೆಯಿಂದ ಏಳು ಸಲ ವಿಧಾನಸಭೆಗೆ ಆಯ್ಕೆಯಾದ ಕೆ. ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ಸಭಾಧ್ಯಕ್ಷರಾಗಿದ್ದರು. ರಾಜ್ಯದಲ್ಲಿ ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಒಂದೇ ಕ್ಷೇತ್ರದ ಜನ ಒಬ್ಬ ಹೆಣ್ಣುಮಗಳನ್ನು ಏಳು ಬಾರಿ ನಂಬಿದರೆಂಬುದು, ‘ಹೆಂಗಸರಿಗೆ ಮತ ಬೀಳುವುದಿಲ್ಲ’ ಎಂದು ಟಿಕೆಟ್ಟು ನಿರಾಕರಿಸುವವರಿಗೆ ಸಾಕಾದ ಉತ್ತರ. ಆದರೂ ಅಂಕಿಗಳು ಹೇಳುವ ಕಥೆ ಬೇರೆ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಮಹಿಳೆಯರಿಗೆ ದಕ್ಕಿದವು ಹತ್ತರಷ್ಟು. 2024ರ ಲೋಕಸಭೆಗೆ ಇಡೀ ದೇಶದಿಂದ ಗೆದ್ದುಬಂದವರು 543ರಲ್ಲಿ 74. ಕರ್ನಾಟಕದ 28ರಲ್ಲಿ ಮೂವರು. ಇಂಥ ಕೋಷ್ಟಕಗಳನ್ನು ನಕಲುಮಾಡಿ ನಿಟ್ಟುಸಿರಿಡುವುದು ಪ್ರಬಂಧಗಳಲ್ಲಿ ಸಾಮಾನ್ಯ. ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಚಿತ್ರ ಬದಲಾದದ್ದು ಕೆಳಗಿನಿಂದ. ಅದರಲ್ಲಿಯೂ ಕರ್ನಾಟಕ ಮುಂದಾಳಾಗಿದ್ದಿತು. ಅಬ್ದುಲ್ ನಜೀರ್‌ಸಾಬರು ಪಂಚಾಯತ್ ರಾಜ್ ಖಾತೆಯ ಸಚಿವರಾಗಿದ್ದಾಗ, ಊರೂರಿಗೆ ಕೊಳವೆಬಾವಿ ತೋಡಿಸಿ ‘ನೀರ್‌ಸಾಬ್’ ಎನಿಸಿಕೊಂಡ ಅದೇ ದಿನಗಳಲ್ಲಿ, 1983ರ ಜಿಲ್ಲಾ ಪರಿಷತ್–ಮಂಡಲ ಪಂಚಾಯಿತಿ ಕಾಯಿದೆ ರೂಪುಗೊಂಡಿತು. ಅದರಂತೆ 1987ರಲ್ಲಿ ನಡೆದ ಚುನಾವಣೆಗಳಲ್ಲಿ ನಾಲ್ಕರಲ್ಲೊಂದು ಪಾಲು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ದೇಶದ ಸಂವಿಧಾನಕ್ಕೆ 73ನೆಯ ತಿದ್ದುಪಡಿಯಾಗಿ ಮೂರರಲ್ಲೊಂದು ಪಾಲಿನ ನಿಯಮ ಜಾರಿಗೆ ಬಂದದ್ದು 1993ರ ಏಪ್ರಿಲ್‌ನಲ್ಲಿ, ಎಂದರೆ ಆರು ವರ್ಷಗಳ ಮೇಲೆ. 2010ರಲ್ಲಿ ಕರ್ನಾಟಕವು ಈ ಪಾಲನ್ನು ಅರ್ಧಕ್ಕೇರಿಸಿತು. ಸದಸ್ಯಸ್ಥಾನಗಳಿಗೆ ಮಾತ್ರವಲ್ಲದೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೂ ಮೀಸಲಾತಿ ಅನ್ವಯಿಸುತ್ತದೆ. ಯಾವ ಊರಿಗೆ ಯಾವ ವರ್ಗವೆಂಬುದು ಅವಧಿಯಿಂದ ಅವಧಿಗೆ ಸರದಿಯಂತೆ ತಿರುಗುತ್ತದೆ. ಈ ‘ಸರದಿ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ವಿದ್ಯಾರ್ಥಿನಿಯ ತಾಯಿ ಆಯ್ಕೆಯಾದದ್ದು 2015ರ ಚುನಾವಣೆಯಲ್ಲಿ. ವಾರ್ಡು ಮಹಿಳೆಗೆ ಮೀಸಲಾಗಿತ್ತು. ಗಂಡ ಊರಿನಲ್ಲಿ ನಾಲ್ಕು ಜನರಿಗೆ ಬೇಕಾದವನು. ಹಿರಿಯರು ಕುಳಿತು ಹೆಸರು ಹೇಳಿದರು, ಆಕೆ ನಾಮಪತ್ರಕ್ಕೆ ಸಹಿಮಾಡಿದಳು. ಅಧ್ಯಕ್ಷಸ್ಥಾನವೂ ಮಹಿಳೆಗೇ ಬಂದಿತು. ಮೊದಲ ವರ್ಷವೆಲ್ಲ ನಡವಳಿಯ ಪುಸ್ತಕ ಮನೆಗೆ ಬರುತ್ತಿತ್ತು, ಆಕೆ ತೋರಿಸಿದಲ್ಲಿ ಸಹಿಮಾಡುತ್ತಿದ್ದಳು. ಸಭೆಯಲ್ಲಿ ಕುರ್ಚಿಯ ಮೇಲೆ ಕೂತವನು ಗಂಡ. ಹಣ ಪಾವತಿಗೆ ಬೇಕಾದ ಡಿಜಿಟಲ್ ಸಹಿಯ ಡಾಂಗಲ್ ಆತನ ಅಂಗಿಯ ಕಿಸೆಯಲ್ಲಿರುತ್ತಿತ್ತು. ಜನ ಆತನನ್ನೇ ‘ಅಧ್ಯಕ್ಷರು’ ಎಂದು ಕರೆಯುತ್ತಿದ್ದರು. ಆಕೆಯನ್ನು ‘ಅಧ್ಯಕ್ಷರ ಮನೆಯವರು’ ಎನ್ನುತ್ತಿದ್ದರು. ಇದು ಒಂದು ಮನೆಯ ಕಥೆಯಲ್ಲ. ಉತ್ತರದ ರಾಜ್ಯಗಳಲ್ಲಿ ಇದಕ್ಕೆ ‘ಸರಪಂಚ ಪತಿ’ ಎಂಬ ಹೆಸರೇ ಹುಟ್ಟಿಕೊಂಡಿದೆ. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2023ರಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವು ಇದನ್ನು ಪರಿಶೀಲಿಸಲು ಒಂದು ಸಮಿತಿಯನ್ನೇ ನೇಮಿಸಿತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಊರಿಗೆ ನೀರಿನ ತೊಂದರೆ ಬಂದಿತು. ಕೆಳಗಿನ ಕೇರಿಯ ಕೊಳವೆಬಾವಿ ಬತ್ತಿ, ಅಲ್ಲಿಯ ಹೆಂಗಸರು ಖಾಲಿ ಕೊಡ ಹೊತ್ತು ಅಧ್ಯಕ್ಷರ ಮನೆಯ ಕಟ್ಟೆಗೆ ಬಂದರು. ಗಂಡ ಮನೆಯಲ್ಲಿರಲಿಲ್ಲ. ‘ಅವರು ಬಂದ ಮ್ಯಾಲೆ ಹೇಳ್ತೀನಿ’ ಎಂದ ಆಕೆಗೆ ಬಂದವರಲ್ಲಿ ವಯಸ್ಸಾದವಳೊಬ್ಬಳು, “ಅವರಿಗಲ್ಲವಾ, ನಾವು ಓಟು ಹಾಕಿದ್ದು ನಿನಗ” ಎಂದಳು. ಹತ್ತೋ ಹನ್ನೆರಡೋ ವರ್ಷದವಳಾಗಿದ್ದ ಮಗಳು ಬಾಗಿಲ ಮರೆಯಲ್ಲಿ ನಿಂತು ಇದನ್ನು ಕೇಳಿದ್ದಳು. ಮುಂದಿನ ಸಭೆಗೆ ತಾಯಿ ತಾನೇ ಹೋದಳು. ವರ್ಷದ ಕ್ರಿಯಾಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುವಂತೆ ಅಭಿವೃದ್ಧಿ ಅಧಿಕಾರಿಯನ್ನು ಕೇಳಿದಳು. ಓದಿದಾಗ, ಮೇಲಿನ ಓಣಿಗೆ ಕಾಂಕ್ರೀಟು ರಸ್ತೆ, ಚರಂಡಿ, ಕಮಾನು ಎಲ್ಲವೂ ಇದ್ದು ಕೆಳಗಿನ ಕೇರಿಗೆ ಪೈಪಿನ ಒಂದು ಸಾಲು ಮಾತ್ರ ಇರಲಿಲ್ಲ. ಕಮಾನನ್ನು ಬಿಟ್ಟು ಪೈಪು ಹಾಕಬೇಕೆಂಬುದು ಆ ದಿನದ ಏಕೈಕ ಬದಲಾವಣೆ. ಅದಕ್ಕಾಗಿ ಮನೆಯಲ್ಲಿ ತಿಂಗಳುಗಟ್ಟಲೆ ಮಾತು ನಿಂತಿತೆಂಬುದನ್ನು ಮಗಳು ಪ್ರಬಂಧದಲ್ಲಿ ಬರೆದಿಲ್ಲ.

ಈ ಪ್ರಸಂಗ ಅಪವಾದವೆ, ಸಾಮಾನ್ಯವೆ? ಇದಕ್ಕೆ ಉತ್ತರ ದೂರದ ಬಂಗಾಳದಲ್ಲಿ ಸಿಕ್ಕಿತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೋ ಎಂಬ ಅರ್ಥಶಾಸ್ತ್ರಜ್ಞರು ಪಶ್ಚಿಮ ಬಂಗಾಳ, ರಾಜಸ್ಥಾನಗಳ ಪಂಚಾಯಿತಿಗಳನ್ನು ಅಭ್ಯಸಿಸಿ 2004ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಪ್ರಮಾಣವೆನಿಸಿದೆ. ಯಾವ ಪಂಚಾಯಿತಿಗೆ ಮೀಸಲಾತಿ ಬರಬೇಕೆಂಬುದು ಜನರ ಇಚ್ಛೆಯಿಂದಲ್ಲದೆ ಸರದಿಯಿಂದ ನಿರ್ಧಾರವಾಗುವುದರಿಂದ, ಮೀಸಲಾದ ಊರುಗಳನ್ನೂ ಆಗದ ಊರುಗಳನ್ನೂ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. ಮಹಿಳೆಯರು ಯಾವುದರ ಬಗ್ಗೆ ಹೆಚ್ಚಾಗಿ ದೂರು ಕೊಡುತ್ತಾರೋ ಅದರ ಮೇಲೆ, ಮುಖ್ಯವಾಗಿ ಕುಡಿಯುವ ನೀರಿನ ಮೇಲೆ, ಮಹಿಳೆ ಮುಖ್ಯಸ್ಥೆಯಾದ ಪಂಚಾಯಿತಿಗಳು ಹೆಚ್ಚು ವೆಚ್ಚಮಾಡಿದ್ದವು. ಗಂಡನ ನೆರಳಿನಲ್ಲಿದ್ದಾರೆಂದು ಹಳಿಯಲಾಗುವ ಅಧ್ಯಕ್ಷೆಯರೂ ಒಟ್ಟಿನಲ್ಲಿ ನೋಡಿದರೆ ಕೆಲಸದ ದಿಕ್ಕನ್ನು ತಿರುಗಿಸಿದ್ದರೆಂಬುದು ಇದರ ತಾತ್ಪರ್ಯ.

ಡಫ್ಲೋ ಅವರೂ ಸಂಗಡಿಗರೂ ಬಂಗಾಳದ 495 ಹಳ್ಳಿಗಳಲ್ಲಿ ಹರೆಯದ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಮಾತನಾಡಿಸಿ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ವಿದ್ಯಾರ್ಥಿನಿಯನ್ನು ಇನ್ನೂ ಆಳವಾಗಿ ತಟ್ಟಿತು. ಎರಡು ಅವಧಿಗೆ ಮಹಿಳೆಯೇ ಮುಖ್ಯಸ್ಥೆಯಾಗಿದ್ದ ಊರುಗಳಲ್ಲಿ, ಗಂಡುಮಕ್ಕಳ ಬಗ್ಗೆ ಒಂದು ಆಸೆ, ಹೆಣ್ಣುಮಕ್ಕಳ ಬಗ್ಗೆ ಇನ್ನೊಂದು ಆಸೆ ಎಂಬ ಅಂತರ ಸ್ಪಷ್ಟವಾಗಿ ತಗ್ಗಿದ್ದಿತು. ಶಾಲೆಯ ಓದಿನಲ್ಲಿ ಹುಡುಗ–ಹುಡುಗಿಯರ ನಡುವಿನ ಅಂತರ ಇಲ್ಲವಾಗಿತ್ತು. ಹಣದಿಂದಲೋ ಹೊಸ ಶಾಲೆಯಿಂದಲೋ ಆದ ಬದಲಾವಣೆಯಲ್ಲ ಅದು. ಕುರ್ಚಿಯ ಮೇಲೆ ಹೆಣ್ಣೊಬ್ಬಳನ್ನು ಕಂಡದ್ದರಿಂದ ಆದುದೆಂದು ಸಂಶೋಧಕರು ಊಹಿಸುತ್ತಾರೆ. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಗೆ ಈ ಊಹೆಯನ್ನು ವಿವರಿಸಬೇಕಾಗಿರಲಿಲ್ಲ.

ಇಲ್ಲಿಯೇ ‘ಸರದಿ’ಯ ದೋಷವೂ ಎದ್ದು ಕಾಣುತ್ತದೆ. ಎರಡು ಅವಧಿ ಮೀಸಲಾದ ಕಡೆಗಳಲ್ಲಿ ಮೀಸಲಾತಿ ಹೋದ ಮೇಲೂ ಮಹಿಳೆಯರು ಗೆಲ್ಲುವುದು ಹೆಚ್ಚಿತೆಂದು ಅದೇ ಬಂಗಾಳದ ಅಧ್ಯಯನಗಳು ತೋರಿಸಿವೆ. ಒಂದೇ ಅವಧಿಗೆ ಆ ಫಲ ಸಾಲದು. ಆದರೆ ಸರದಿಯ ನಿಯಮದಲ್ಲಿ ಒಂದು ಅವಧಿಗೆ ಮಾತು ಕಲಿತವಳು ಮುಂದಿನ ಅವಧಿಗೆ ಮನೆಗೆ ಹೋಗುತ್ತಾಳೆ. 2020ರ ಡಿಸೆಂಬರಿನ ಚುನಾವಣೆಯ ಹೊತ್ತಿಗೆ ತಾಯಿಯ ವಾರ್ಡು ‘ಸಾಮಾನ್ಯ’ವಾಯಿತು. ಸಾಮಾನ್ಯವೆಂದರೆ ಗಂಡಸರದೆಂದು ಊರೆಲ್ಲ ಅರ್ಥಮಾಡಿಕೊಂಡಿತು. ಕಾಯಿದೆಯಲ್ಲಿ ಹಾಗಿಲ್ಲ; ಸಾಮಾನ್ಯ ಸ್ಥಾನಕ್ಕೆ ಯಾವ ಹೆಣ್ಣುಮಗಳೂ ನಿಲ್ಲಬಹುದು. ಆಕೆಯ ಹೆಸರನ್ನು ಯಾರೂ ಎತ್ತಲಿಲ್ಲ, ಆಕೆಯೂ ಕೇಳಲಿಲ್ಲ. ಐದು ವರ್ಷ ಕ್ರಿಯಾಯೋಜನೆ ಓದಿದವಳ ಜಾಗಕ್ಕೆ ಅದನ್ನು ನೋಡಿಯೇ ಇರದ ಯುವಕನೊಬ್ಬ ಬಂದನು.

ಮೇಲಿನ ಮನೆಗಳ ವಿಷಯವಾಗಿ ಹೇಳಬೇಕಾದುದು ಇಷ್ಟು. 1996ರಲ್ಲಿ ಮೊದಲಬಾರಿಗೆ ಮಂಡಿತವಾದ ಮಹಿಳಾ ಮೀಸಲಾತಿ ಮಸೂದೆ, ಇಪ್ಪತ್ತೇಳು ವರ್ಷಗಳ ಅಲೆದಾಟದ ತರುವಾಯ 2023ರ ಸೆಪ್ಟೆಂಬರಿನಲ್ಲಿ ಸಂವಿಧಾನದ 106ನೆಯ ತಿದ್ದುಪಡಿಯಾಯಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲೊಂದು ಪಾಲು ಮಹಿಳೆಯರಿಗೆ ಎಂಬುದು ಅದರ ಸಾರ. ರಾಜ್ಯಸಭೆಗೂ ವಿಧಾನಪರಿಷತ್ತಿಗೂ ಇದು ಅನ್ವಯಿಸದು. ತಿದ್ದುಪಡಿಯ ಬಳಿಕದ ಮೊದಲ ಜನಗಣತಿ, ಅದನ್ನನುಸರಿಸಿದ ಕ್ಷೇತ್ರಪುನರ್ವಿಂಗಡಣೆ, ಇವೆರಡೂ ಆದ ಮೇಲೆಯೇ ಮೀಸಲಾತಿ ಎಂದು ಶಾಸನದಲ್ಲಿ ಬರೆದದ್ದರಿಂದ 2024ರ ಲೋಕಸಭಾ ಚುನಾವಣೆ ಅದಿಲ್ಲದೆಯೇ ನಡೆಯಿತು.

ಇನ್ನು ವೃತ್ತಿಯ ಮಾತು. ರಾಜಕಾರಣವನ್ನು ವೃತ್ತಿಯೆನ್ನುವುದೇ ಸರಿಯಲ್ಲವೆಂದು ಹಳೆಯ ತಲೆಮಾರಿನವರು ಆಕ್ಷೇಪಿಸುವರು. ವಚನಗಳನ್ನು ಓದಿದವರಿಗೆ ಕಾಯಕವೆಂಬ ಹೆಚ್ಚು ಒಪ್ಪುವ ಶಬ್ದ ಹೊಳೆದೀತು. ಶಬ್ದವೇನೇ ಇರಲಿ, ಹೊಟ್ಟೆಯ ಪ್ರಶ್ನೆ ಹೊಟ್ಟೆಯ ಪ್ರಶ್ನೆಯೇ. ಪಂಚಾಯಿತಿ ಸದಸ್ಯತ್ವದ ಗೌರವಧನದಿಂದ ಸಂಸಾರ ಸಾಗದು. ಆದುದರಿಂದ ಸ್ವಂತ ದುಡಿಮೆಯೊಂದು ಇರತಕ್ಕದ್ದು: ಶಿಕ್ಷಣ, ವಕೀಲಿ, ಬೇಸಾಯ, ಹೊಲಿಗೆ ಏನಾದರೂ ಸರಿ. ಅದಿಲ್ಲದವರು ಬೇಗನೆ ಯಾರದಾದರೂ ಋಣಕ್ಕೆ ಬೀಳುತ್ತಾರೆ. ರಾಜಕೀಯದಲ್ಲಿ ಹೆಣ್ಣುಮಕ್ಕಳ ಬಾಯಿ ಕಟ್ಟುವುದು ಬಹುಮಟ್ಟಿಗೆ ಈ ಋಣವೇ. ವಯಸ್ಸಿನ ನಿಯಮಗಳೂ ತಿಳಿದಿರಬೇಕು. ಹದಿನೆಂಟಕ್ಕೆ ಮತ, ಇಪ್ಪತ್ತೊಂದಕ್ಕೆ ಪಂಚಾಯಿತಿ, ಇಪ್ಪತ್ತೈದಕ್ಕೆ ವಿಧಾನಸಭೆ, ಲೋಕಸಭೆ. ವಿಧಾನಸಭೆಯ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರರ್ಧ. ಅಭ್ಯರ್ಥಿಯ ವೆಚ್ಚದ ಮಿತಿಯನ್ನು 2022ರಲ್ಲಿ ದೊಡ್ಡ ರಾಜ್ಯಗಳಿಗೆ 40 ಲಕ್ಷಕ್ಕೆ ಏರಿಸಲಾಯಿತು. ಎರಡೆಕರೆ ಹೊಲದ ಮನೆಗೆ ಆ ಮಿತಿಯೇ ಒಂದು ಗೋಡೆ. ಗ್ರಾಮ ಪಂಚಾಯಿತಿಯಲ್ಲಾದರೋ ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ, ಪಕ್ಷದ ಚಿಹ್ನೆಯಿಲ್ಲ, ಠೇವಣಿ ಕೆಲವು ನೂರು ರೂಪಾಯಿ. ಮನೆಮನೆಗೆ ಕಾಲ್ನಡಿಗೆಯಲ್ಲಿ ಹೋಗಿ ಬರಬಹುದು.

ಆದರೆ ಅಲ್ಲಿಂದ ಮೇಲಕ್ಕೆ ಹೋಗುವ ಏಣಿಯ ಮೆಟ್ಟಿಲುಗಳು ಮುರಿದಿವೆಯೆಂಬುದನ್ನು ಮುಚ್ಚಿಡಬಾರದು. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು 1980ರ ದಶಕದ ಕೊನೆಗೆ ನಿಂತುಹೋದವು. ಗದ್ದಲ ಕಡಿಮೆಯಾಯಿತು, ಭಾಷಣ ಕಲಿಯುವ ಜಾಗವೂ ಹೋಯಿತು. 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗ್ರಾಮದಿಂದ ವಿಧಾನಸಭೆಗೆ ನಡುವೆ ಮೆಟ್ಟಿಲಿಲ್ಲವಾದರೆ ಹಾರಬಲ್ಲವರು ಹಣವಂತರು, ಮನೆತನದವರು ಮಾತ್ರ. ಅರ್ಧದಷ್ಟು ಸ್ಥಾನ ಕೆಳಗೆ ಮಹಿಳೆಯರದಾಗಿದ್ದರೂ ಮೇಲೆ ಹತ್ತೇ ಜನ ಕಾಣುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಪ್ರಬಂಧಕ್ಕೆ ಆಧಾರ ಬೇಕೆಂದು ವಿದ್ಯಾರ್ಥಿನಿಯು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿಯ ಶುಲ್ಕ ಕಟ್ಟಿ, ತನ್ನ ಊರಿನ ಪಂಚಾಯಿತಿಯ 2015ರಿಂದ 2020ರವರೆಗಿನ ನಡವಳಿಯ ಪ್ರತಿಗಳನ್ನು ಕೇಳಿದಳು. ಕೊಡಲು ಸ್ವಲ್ಪ ಸತಾಯಿಸಿದರು, ಕೊಟ್ಟರು. ಮೊದಲ ವರ್ಷದ ಎಲ್ಲ ಸಭೆಗಳಲ್ಲಿಯೂ ‘ಮಾನ್ಯ ಅಧ್ಯಕ್ಷರು ಹಾಜರು’ ಎಂದು ಬರೆದಿದ್ದಿತು, ತಾಯಿ ಕಾಲಿಡದ ಸಭೆಗಳಲ್ಲಿಯೂ. ಪೈಪಿನ ಮಾತು ನಡೆದ ಸಭೆಯ ಪುಟದಲ್ಲಿ ಕೇವಲ ಒಂದು ಸಾಲು: ಸದರಿ ಕಾಮಗಾರಿಯನ್ನು ಬದಲಾಯಿಸಲು ಅಧ್ಯಕ್ಷರು ಸೂಚಿಸಿದರು, ಚರ್ಚಿಸಿ ಒಪ್ಪಲಾಯಿತು. ಆ ಪುಟದ ಕೆಳಗಿನ ಸಹಿ ಮಾತ್ರ ಮಿಕ್ಕವುಗಳಿಗಿಂತ ದಪ್ಪವಾಗಿ, ಗೆರೆಯಿಂದ ಆಚೆಗೆ ಹೋಗಿತ್ತು. ಮಗಳು ಆ ಹಾಳೆಯನ್ನು ತಂದು ತೋರಿಸಿದಾಗ ತಾಯಿ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ಪಡಸಾಲೆಯಲ್ಲಿದ್ದ ತಂದೆ ಕನ್ನಡಕ ಹಾಕಿಕೊಂಡು ತಾನೂ ಓದಿ, ಮರಳಿ ಮಗಳ ಕೈಗೇ ಕೊಟ್ಟು, ಮುಂದಿನ ಚುನಾವಣೆಗೆ ವಾರ್ಡಿನ ಮತದಾರರ ಪಟ್ಟಿ ಎಂದು ಹೊರಬೀಳುತ್ತದೆಂದು ಕೇಳಿದನು.